ನಾಲ್ಕು ಆಂಪಿಯರಿನವರೆಗೆ

“ದೀಪ ಹಿಡಿಯೋಕೂ ಮುಹೂರ್ತ ನೋಡ್ಬೇಕೇನ್ರೀ ವೆಂಕಟರಾಯಪ್ಪ? ಆ ಹುಡುಗಿ ಆಗ್ಲಿಂದ ಕಾಯ್ತಾ ಕೂತಿದಾಳೆ, ಹೋಗ್ರೀ.”

ಶೋಭಾರಾಣಿ ಮೇಡಂ ನಗುತ್ತಲೇ ಹೇಳಿ ಬೇರೆ ಮೇಜಿನ ಕಡೆಗೆ ನಡೆದರು. ಹೋಗದೆ ನಿಂತಿದ್ದವನು ನಾನು. ಅಂದು ಕೋಲಾರದ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಕ್ಕಳಿಗೆ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ. ನಾಲ್ಕು ಜನ ಮಕ್ಕಳು, ಆರು ಪ್ರಯೋಗ, ಆರು ಚೀಟಿ. ಇಪ್ಪತ್ತೆರಡು ವರ್ಷದಿಂದ ಈ ಲ್ಯಾಬಿನ ಅಟೆಂಡರ್ ಆಗಿರುವ ನಾನೇ ಬೆಳಗ್ಗೆ ಚೀಟಿಗಳನ್ನು ಮಡಚಿ ಡಬ್ಬಿಗೆ ಹಾಕಿದ್ದೆ. ಅದರಲ್ಲಿ ಒಂದನ್ನು ಮಾತ್ರ ಬೆರಳಿನಿಂದ ತಳಕ್ಕೆ ಒತ್ತಿದ್ದೆ, ಯಾರ ಕೈಗೂ ಸಿಗದಿರಲಿ ಎಂದು. ಶ್ರೀನಿವಾಸಪುರದಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ತ್ರಿವೇಣಿ ಕಣ್ಣು ಮುಚ್ಚಿಕೊಂಡು, ಕೈಯನ್ನು ತಳದವರೆಗೂ ಇಳಿಸಿ, ಅದನ್ನೇ ಎತ್ತಿದಳು.

ವಿದ್ಯುತ್ಕಾಂತದ ಪ್ರಯೋಗ.

ನೋಡದವರಿಗೆ ಹೇಳುತ್ತೇನೆ. ನಮ್ಮ ಲ್ಯಾಬಿನ ಮೂಲೆಯ ಮೇಜಿನ ಮೇಲೆ ಎರಡು ದೊಡ್ಡ ತಂತಿಯ ಸುರುಳಿಗಳಿವೆ. ಅವುಗಳ ನಡುವೆ ಎರಡು ಕಬ್ಬಿಣದ ಮುಖಗಳು ಎದುರುಬದುರಾಗಿ, ಬೆರಳಗಲ ಸಂದು ಬಿಟ್ಟು ನಿಂತಿವೆ. ಆ ಸಂದಿನಲ್ಲಿ ಒಂದು ಗಾಜಿನ ನಳಿಕೆ, ನಳಿಕೆಯಲ್ಲಿ ಮ್ಯಾಂಗನೀಸ್ ಉಪ್ಪು ಕರಗಿಸಿದ ನೀರು. ತೆಳುವಾದ ಗುಲಾಬಿ ಬಣ್ಣ. ಸುರುಳಿಗೆ ಕರೆಂಟು ಕೊಟ್ಟರೆ ಆ ನೀರು ಯಾರೋ ಕರೆದ ಹಾಗೆ ಮೇಲೇರುತ್ತದೆ. ಏರುವುದು ಹೆಚ್ಚೆಂದರೆ ಒಂದು ಅಕ್ಕಿಕಾಳಿನ ಉದ್ದ. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಅಳೆಯಬೇಕು.

ಮೇಡಂ ಪ್ರತಿ ವರ್ಷ ಮಕ್ಕಳಿಗೆ ಹೇಳುವುದು ನನಗೆ ಬಾಯಿಪಾಠ. “ಒಂದೊಂದು ಎಲೆಕ್ಟ್ರಾನೂ ಒಂದು ಪುಟಾಣಿ ಅಯಸ್ಕಾಂತ ಕಣ್ರೋ. ಜೋಡಿ ಇರೋವು ಒಂದರ ಬಲ ಇನ್ನೊಂದು ಕಳೆದು ತೆಪ್ಪಗಿರ್ತವೆ. ಮ್ಯಾಂಗನೀಸಲ್ಲಿ ಐದಕ್ಕೆ ಜೋಡಿ ಇಲ್ಲ. ಆ ಐದೇ ಈ ನೀರನ್ನ ಎಳ್ಕೊಂಡು ಹೋಗೋದು. ನೀರು ಎಷ್ಟು ಏರ್ತು ಅಂತ ಅಳೆದ್ರೆ, ಯಾರ ಕಣ್ಣಿಗೂ ಕಾಣದ ಎಲೆಕ್ಟ್ರಾನಿನ ಕಾಂತಬಲ ಕೈಗೆ ಸಿಗುತ್ತೆ.” ಈ ಮಾತು ಕೇಳಿದಾಗಲೆಲ್ಲ, ಓದಿದ್ದು ಏಳನೇ ಕ್ಲಾಸಾದರೂ ನನಗೆ ಮೈ ಜುಮ್ಮೆನ್ನುತ್ತಿತ್ತು. ಈ ವರ್ಷ ಕೇಳುವಾಗ ಮಾತ್ರ ಅಂಗೈ ತಣ್ಣಗಾಯಿತು.

ಯಾಕೆಂದರೆ ಆ ನೀರಿನ ಮಟ್ಟ ಕಾಣಬೇಕಾದರೆ ನಳಿಕೆಯ ಹಿಂದೆ ಒಂದು ದೀಪ ಬೇಕು. ಮೊದಲು ದೀಪಕ್ಕೆ ಕಬ್ಬಿಣದ ಸ್ಟ್ಯಾಂಡು ಇತ್ತು. ನಾನು ಸೇರಿದ ಎರಡನೇ ವರ್ಷ ಯಾರೋ ಅದನ್ನು ಒಂದು ಗೇಣು ಹತ್ತಿರ ಸರಿಸಿದರು. ಸ್ಟ್ಯಾಂಡು ಹಾರಿಹೋಗಿ ಸುರುಳಿಗೆ ಬಡಿದು ನಳಿಕೆ ಚೂರುಚೂರಾಯಿತು. ಆಗಿನ ಮೇಷ್ಟ್ರು, “ಮನುಷ್ಯನನ್ನ ಅಯಸ್ಕಾಂತ ಎಳೆಯಲ್ಲ. ರಾಯಪ್ಪ, ನೀನೇ ಹಿಡ್ಕೋ” ಎಂದರು. ಅಂದಿನಿಂದ ನಾನೇ ಸ್ಟ್ಯಾಂಡು. ಮರದ ಹಿಡಿಗೆ ಸಣ್ಣ ಬಲ್ಬು ಸಿಕ್ಕಿಸಿ, ಉದ್ದದ ತಂತಿ ಎಳೆದು, ಬ್ಯಾಟರಿಯನ್ನು ದೂರದಲ್ಲಿಟ್ಟು, ಮೇಜಿಗೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಎದೆಗೂ ಅಯಸ್ಕಾಂತಕ್ಕೂ ಒಂದು ಗೇಣು. ಇಪ್ಪತ್ತು ವರ್ಷ ಹೀಗೇ ಕೂತೆ. ಒಂದು ದಿನವೂ ಏನೂ ಅನ್ನಿಸಿರಲಿಲ್ಲ.

ಪರೀಕ್ಷೆಗೆ ಆರು ವಾರ ಮುಂಚೆ ವಕ್ಕಲೇರಿ ಬಸ್‌ಸ್ಟಾಪಿನಲ್ಲಿ ಬಿದ್ದುಬಿಟ್ಟೆ. ಹೃದಯ ನಡುನಡುವೆ ಬಡಿಯುವುದನ್ನೇ ಮರೆಯುತ್ತಿದೆ ಎಂದರು. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದೊಳಗೆ, ಬೆಂಕಿಪೊಟ್ಟಣದಷ್ಟು ದೊಡ್ಡ ಪೇಸ್‌ಮೇಕರ್ ಇಟ್ಟು ಕಳಿಸಿದರು. ಹೃದಯ ಮರೆತಾಗಲೆಲ್ಲ ಅದು ನೆನಪಿಸುತ್ತದೆಯಂತೆ.

“ಏನ್ ಕೆಲಸ ಮಾಡ್ತೀರಿ?” ಎಂದು ಡಾಕ್ಟರು ಕೇಳಿದ್ದರು.

“ಕಾಲೇಜಲ್ಲಿ ಅಟೆಂಡರ್ ಸಾರ್.”

“ಒಳ್ಳೇದಾಯ್ತು. ಕೂತ್ಕೊಂಡು ಮಾಡೋ ಕೆಲಸ. ಮೊಬೈಲು ಎಡಜೇಬಲ್ಲಿ ಇಟ್ಕೋಬೇಡಿ. ದೊಡ್ಡ ಅಯಸ್ಕಾಂತದ ಹತ್ರ ಸುಳೀಬೇಡಿ, ಅಂಥದ್ದು ನಿಮಗೆಲ್ಲಿ ಸಿಗುತ್ತೆ ಬಿಡಿ.”

ನಾನು ತಲೆ ಆಡಿಸಿದೆ. ಅಟೆಂಡರ್ ಅಂದರೆ ಫೈಲು ಹೊರುವವನು, ಬೆಲ್ ಹೊಡೆಯುವವನು ಎಂದು ಅವರು ತಿಳಿದರು. ನಾನು ತಿದ್ದಲಿಲ್ಲ. ಕಾಲೇಜಿನಲ್ಲಿ ಕೇಳಿದವರಿಗೆಲ್ಲ ಹರ್ನಿಯಾ ಆಪರೇಷನ್ ಎಂದೆ. ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಮುನೇಶನಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಪಾಪ, ಇನ್ನು ಓಡಾಡಬಾರದು ಎಂದು ಎಲ್ಲರೂ ಸೇರಿ ಒಳ್ಳೆಯ ಮನಸ್ಸಿನಿಂದಲೇ ಅವನನ್ನು ಗೇಟಿನ ಕುರ್ಚಿಗೆ ಹಾಕಿದರು. ಈಗ ಬರುವ ಬೈಕು, ಹೋಗುವ ಬೈಕು ನೋಡುತ್ತಾ ಕೂತಿರುತ್ತಾನೆ. ನನ್ನನ್ನು ಕಂಡಾಗಲೆಲ್ಲ “ಲ್ಯಾಬಲ್ಲಿ ಏನ್ ನಡೀತಿದೆ ಮಾವ?” ಎಂದು ಕೇಳುತ್ತಾನೆ. ಆ ಕೇಳುವ ದನಿಗೇ ನಾನು ಹೆದರಿದ್ದು.

ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿ ಮುನಿಯಲ್ಲಮ್ಮನಿಗೆ ಮಾತ್ರ. ಮುಳಬಾಗಿಲಿನ ಆಚೆಯ ಗಡಿ ಊರಿನವಳು. ಹೆದರಿಕೆಯಾದರೆ ಬಾಯಿಗೆ ತೆಲುಗೇ ಬರುತ್ತದೆ. “ವದ್ದು ಮಾಮ,” ಎಂದು ಅವತ್ತು ಬೆಳಗ್ಗೆ ಕೂಡ ಬಾಗಿಲಿಗೆ ಅಡ್ಡ ನಿಂತಿದ್ದಳು. “ನನ್ ಮಾತು ಕೇಳು. ಆ ಸೂಜಿಗಲ್ಲಿನ ರೂಮಿಗೆ ಹೋಗ್ಬೇಡ. ಜ್ವರ ಅಂತ ಫೋನ್ ಮಾಡ್ತೀನಿ.”

“ಪರೀಕ್ಷೆ ದಿವಸ ಜ್ವರ ಅಂದ್ರೆ ಯಾರೇ ನಂಬ್ತಾರೆ?”

“ನಿನ್ ಎದೆ ನಿಂತೋದ್ರೆ ಆಗ ನಂಬ್ತಾರಾ?”

ಸುಮ್ಮನೆ ಬಂದುಬಿಟ್ಟಿದ್ದೆ. ಹಾಗೆಂದು ನಾನು ಬುದ್ಧಿ ಇಲ್ಲದೆ ಬಂದವನಲ್ಲ. ಹಿಂದಿನ ತಿಂಗಳು ಒಂದು ಭಾನುವಾರ, ಲ್ಯಾಬು ತೊಳೆಯುವ ನೆಪದಲ್ಲಿ ಬಂದು, ಬಾಗಿಲು ಹಾಕಿಕೊಂಡು, ಅಯಸ್ಕಾಂತಕ್ಕೆ ಎರಡು ಆಂಪಿಯರ್ ಕರೆಂಟು ಕೊಟ್ಟೆ. ಕಾಂತಬಲ ಅಳೆಯುವ ಗಾಸ್‌ಮೀಟರ್ ಅಂತ ಒಂದಿದೆ. ಅದರ ಕಡ್ಡಿಯನ್ನು ಮೀಟರ್ ಸ್ಕೇಲಿನ ತುದಿಗೆ ದಾರದಲ್ಲಿ ಕಟ್ಟಿ, ಹಾವಿಗೆ ಕೋಲು ಚಾಚುವವನ ಹಾಗೆ ದೂರದಿಂದ ಚಾಚಿದೆ. ಆಸ್ಪತ್ರೆಯವರು ಕೊಟ್ಟ ಪುಸ್ತಿಕೆಯಲ್ಲಿ ಹತ್ತು ಗಾಸ್ ದಾಟಬಾರದು ಎಂದಿತ್ತು. ಹತ್ತಕ್ಕಿಂತ ಕಡಿಮೆ ತೋರಿಸಿದ ಜಾಗ ಹುಡುಕಿ, ಅದಕ್ಕೂ ಒಂದು ಗೇಣು ಹಿಂದೆ, ನೆಲದ ಮೇಲೆ ಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟೆ. ಮೂರು ಅಡಿ ದೂರ. ಆ ಮೀಟರೋ, ಖಾಲಿ ಮೂಲೆಯಲ್ಲಿ ಹಿಡಿದರೂ ನಾಲ್ಕು ತೋರಿಸುವ ಮುದಿ ಮೀಟರು. ಆದರೂ ನನಗೆ ಇದ್ದದ್ದು ಅದೊಂದೇ ಲೆಕ್ಕ. ಆಮೇಲೆ ದೀಪವನ್ನು ಉದ್ದನೆಯ ಬಿದಿರು ಕೋಲಿಗೆ ಕಟ್ಟಿ, ಚುಕ್ಕೆಯ ಮೇಲೆ ನಿಂತು, ಪಕ್ಕದಿಂದ ಚಾಚಿ ಹಿಡಿಯಲು ಶುರುಮಾಡಿದೆ. ಕ್ಲಾಸಿನ ಮಕ್ಕಳು “ರಾಯಪ್ಪಣ್ಣ ಮಾವಿನಕಾಯಿ ಕೀಳ್ತಾರೆ” ಎಂದು ನಕ್ಕರು. ಸೊಂಟನೋವು, ಬಗ್ಗೋಕಾಗಲ್ಲ ಎಂದೆ. ಒಂದು ಸುಳ್ಳಿಗೆ ಇನ್ನೊಂದು.

ಪರೀಕ್ಷೆಯ ದಿನವೂ ಹಾಗೇ ಚುಕ್ಕೆಯ ಮೇಲೆ ನಿಂತು ಕೋಲು ಚಾಚಿದೆ. ತ್ರಿವೇಣಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಒಂದು ಆಂಪಿಯರ್. ಅಯಸ್ಕಾಂತ ಸದ್ದು ಮಾಡುವುದಿಲ್ಲ, ಅದೇ ಅದರ ಕೆಟ್ಟ ಗುಣ. ಮೋಟರಾದರೆ ಗುಂಯ್ ಅನ್ನುತ್ತದೆ, ಬೆಂಕಿಯಾದರೆ ಕಾಣುತ್ತದೆ. ಇದು ಸುಮ್ಮನೆ ಇರುತ್ತದೆ, ಆದರೆ ಇಡೀ ಮೂಲೆಯಲ್ಲಿ ತುಂಬಿಕೊಂಡಿರುತ್ತದೆ.

“ಅಣ್ಣಾ, ದೀಪ ಅಲ್ಲಾಡ್ತಿದೆ,” ಎಂದು ತ್ರಿವೇಣಿ ಮೆಲ್ಲಗೆ ಹೇಳಿದಳು.

“ಹಿಡಿದಿದೀನಮ್ಮ. ನೋಡು.”

“ನೀರಿನ ಗೆರೆ ಎರಡೆರಡು ಕಾಣ್ತಿದೆ. ರೀಡಿಂಗ್ ತಪ್ಪೋಗುತ್ತೆ ಅಣ್ಣಾ, ಪ್ಲೀಸ್.”

ಅವಳ ದನಿಯಲ್ಲಿ ಅಳು ಇತ್ತು. ಈ ಪೇಪರಿನಲ್ಲಿ ಹೋದ ಸಲ ಅವಳು ಫೇಲಾಗಿದ್ದಳು. ಇದು ಎರಡನೇ ಸಲ. ಆಗಲೇ ಹೊರಗಿನಿಂದ ಬಂದಿದ್ದ ಪರೀಕ್ಷಕರು, ಅಶ್ವತ್ಥಪ್ಪ ಸರ್, ಕೈ ಹಿಂದೆ ಕಟ್ಟಿಕೊಂಡು ಬಂದರು. ದಪ್ಪನೆಯ, ನಗುಮುಖದ ಮನುಷ್ಯ.

“ಇದೇನ್ರೀ ಇದು, ಮೀನು ಹಿಡೀತಿದೀರಾ?”

“ಸೊಂಟ ನೋವು ಸಾರ್.”

“ನಿಮ್ ಸೊಂಟಕ್ಕೆ ಈ ಮಗು ಮಾರ್ಕ್ಸ್ ಕಳ್ಕೋಬೇಕಾ? ಆ ಕೋಲು ಬಿಸಾಕಿ. ಸ್ಟೂಲ್ ಹಾಕ್ಕೊಂಡು ಹಿಂದೆ ಕೂತ್ಕೊಳಿ, ಮುಂಚೆ ಎಲ್ಲಾ ಹಾಗೇ ಕೂರ್ತಿದ್ರಂತಲ್ಲ, ಮೇಡಂ ಹೇಳಿದ್ರು. ಏನಮ್ಮಾ, ಎಷ್ಟು ಆಂಪಿಯರ್ ತನಕ ತಗೋತೀಯ?”

“ಎರಡು ಸಾರ್.”

“ಎರಡಾ? ಸಾಲಲ್ಲ. ನಾಲ್ಕರ ತನಕ ತಗೋ. ಗ್ರಾಫು ಚೆನ್ನಾಗಿ ಬರುತ್ತೆ.”

ನಾಲ್ಕು. ನನ್ನ ಚುಕ್ಕೆಯ ಲೆಕ್ಕ ಎರಡಕ್ಕೆ ಇಟ್ಟದ್ದು. ಈಗ ಚುಕ್ಕೆಯೂ ಇಲ್ಲ, ಕೋಲೂ ಇಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಕಿಟಕಿಯಾಚೆ ಗೇಟು ಕಾಣುತ್ತಿತ್ತು, ಗೇಟಿನ ಪಕ್ಕದಲ್ಲಿ ಮುನೇಶ್ ಕೂತಿರುವುದೂ ಕಾಣುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಇಪ್ಪತ್ತು ವರ್ಷ ಕೂತ ಜಾಗ, ಹತ್ತು ನಿಮಿಷ ಏನಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಇಕ್ಕಟ್ಟಿಗೆ ಹೋಗಬೇಕಾದರೆ ಅಯಸ್ಕಾಂತದ ಮುಂದೆಯೇ ಎದೆ ಸವರಿಕೊಂಡು ದಾಟಬೇಕು. ತ್ರಿವೇಣಿಗೆ ಕರೆಂಟು ಪೂರ್ತಿ ಇಳಿಸಲು ಹೇಳಿ ದಾಟಿದೆ. ಬೆನ್ನು ಗೋಡೆಗೆ ಒತ್ತಿ, ಎಡಭುಜವನ್ನು ಆದಷ್ಟು ಹಿಂದಕ್ಕೆ ತಿರುಚಿ, ಬಲಗೈಯಲ್ಲಿ ದೀಪ ಹಿಡಿದೆ.

“ಈಗ ಬಂತು ಅಣ್ಣಾ! ಎಷ್ಟು ಚೆನ್ನಾಗಿ ಕಾಣ್ತಿದೆ!”

ಒಂದು ಆಂಪಿಯರಿಗೆ ಏನೂ ಆಗಲಿಲ್ಲ. ಅವಳು ಕಣ್ಣು ಕಿರಿದು ಮಾಡಿ ಓದಿದಳು, ಬರೆದಳು. ಒಂದೂವರೆ. ಎರಡು. ನನ್ನ ಕಣ್ಣು ಎದುರುಗೋಡೆಯ ಗಡಿಯಾರದ ಮೇಲೆ, ಎಡಗೈಯ ಹೆಬ್ಬೆರಳು ಬಲಗೈ ನಾಡಿಯ ಮೇಲೆ. ಹದಿನೈದು ಸೆಕೆಂಡಿಗೆ ಹದಿನೇಳು. ಆಪರೇಷನ್ ಆದಂದಿನಿಂದ ಅದೇ ಲೆಕ್ಕ.

ಎರಡೂವರೆ ಆಂಪಿಯರಿಗೆ ಏರಿಸಿದಳು.

ಆಗ ಎದೆಯೊಳಗೆ ಯಾರೋ ಮಗ್ಗುಲು ಬದಲಾಯಿಸಿದ ಹಾಗಾಯಿತು. ನೋವಲ್ಲ. ನನ್ನದಾಗಿದ್ದ ಒಂದು ಸದ್ದು ನಿಂತು, ನನ್ನದಲ್ಲದ ಒಂದು ಸದ್ದು ಶುರುವಾದ ಹಾಗೆ. ಧಡ್, ಧಡ್, ಧಡ್. ಎಲ್ಲವೂ ಒಂದೇ ಅಳತೆ, ಹೊಲಿಗೆ ಯಂತ್ರದ ಸೂಜಿ ಇಳಿದ ಹಾಗೆ. ಹೆಬ್ಬೆರಳಿನ ಕೆಳಗೆ ಎಣಿಸಿದೆ. ಹದಿನೈದು ಸೆಕೆಂಡಿಗೆ ಇಪ್ಪತ್ತೈದು. ಇನ್ನೊಮ್ಮೆ ಎಣಿಸಿದೆ. ಇಪ್ಪತ್ತೈದು. ಹೆದರಿದ ಹೃದಯ ಜೋರಾಗಿ ಹೊಡೆದುಕೊಳ್ಳುತ್ತದೆ, ಅದು ನನಗೂ ಗೊತ್ತು. ಆದರೆ ಹೆದರಿದ ಹೃದಯ ಇಷ್ಟು ನೇರಕ್ಕೆ ಹೊಡೆಯುವುದಿಲ್ಲ. ದೊಡ್ಡ ಅಯಸ್ಕಾಂತ ಹತ್ತಿರ ಬಂದರೆ ಆ ಯಂತ್ರ ನಿಲ್ಲುವುದಿಲ್ಲ, ಹೃದಯದ ಮಾತು ಕೇಳುವುದನ್ನು ಬಿಟ್ಟು ತನ್ನ ಲೆಕ್ಕದಲ್ಲೇ ಹೊಡೆಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಆ ಗಳಿಗೆಯಲ್ಲಿ ನನಗೆ ಅದು ಗೊತ್ತಿರಲಿಲ್ಲ. ಇದು ಸಾವು, ಹೀಗೇ ಇರುತ್ತದೆ ಎಂದುಕೊಂಡೆ. ಮುನಿಯಲ್ಲಮ್ಮ ಬೆಳಗ್ಗೆ ಹಾಕಿಕೊಟ್ಟ ಉಪ್ಪಿಟ್ಟನ್ನು ಅರ್ಧಕ್ಕೇ ಬಿಟ್ಟು ಬಂದದ್ದು ಯಾಕೋ ನೆನಪಾಯಿತು.

ಎದ್ದು ಓಡುವಂತಿರಲಿಲ್ಲ. ಹಿಂದೆ ಗೋಡೆ, ಪಕ್ಕದಲ್ಲಿ ಬೀರು. ಹೊರಗೆ ಬರಬೇಕಾದರೆ ಆ ಕಬ್ಬಿಣದ ಮುಖಗಳ ಮುಂದೆಯೇ, ಈಗ ಇರುವುದಕ್ಕಿಂತಲೂ ಹತ್ತಿರದಲ್ಲಿ, ದಾಟಬೇಕು. ಕೂಗೋಣವೆಂದರೆ ದನಿ ಹೊರಡಲಿಲ್ಲ.

“ಅಣ್ಣಾ,” ಎಂದಳು ತ್ರಿವೇಣಿ, ಕಣ್ಣು ಮೈಕ್ರೋಸ್ಕೋಪಿನಲ್ಲೇ ಇಟ್ಟು. “ದೀಪ ಮತ್ತೆ ಅಲ್ಲಾಡ್ತಿದೆ. ಆದ್ರೆ ಇದು ಬೇರೆ ಥರ.”

ಬಲಮೊಣಕೈಯನ್ನು ಪಕ್ಕದ ಬೀರುವಿಗೆ ಒತ್ತಿ ಹಿಡಿದೆ.

“ತಾಳ ಹಾಕಿದಂಗೆ ಅಲ್ಲಾಡ್ತಿದೆ. ನೀರಿನ ಗೆರೆ ಕುಣೀತಿದೆ ನೋಡಿ, ಟಕ್, ಟಕ್, ಟಕ್...” ನಗುತ್ತಲೇ ತಲೆ ಎತ್ತಿದವಳು ನನ್ನ ಮುಖ ನೋಡಿದಳು. ನಗು ಹಾಗೇ ಆರಿಹೋಯಿತು. “ಅಣ್ಣಾ? ಏನಾಯ್ತು? ಯಾಕಿಷ್ಟು ಬೆವರು?”

“ಇಳ್ಸು,” ಎಂದೆ. ಅಷ್ಟೇ ಬಂತು.

ಅವಳ ಕೈ ಸ್ವಿಚ್ಚಿಗೆ ಹೋಯಿತು. ಅಲ್ಲಿಗೇ ನಿಂತಿತು. ಸ್ವಿಚ್ಚನ್ನು ಒಮ್ಮೆಲೇ ಆರಿಸಿದರೆ ಸುರುಳಿಯಲ್ಲಿ ಕೂಡಿಟ್ಟ ಬಲವೆಲ್ಲ ತಿರುಗಿ ಬಂದು ಯಂತ್ರ ಸುಟ್ಟುಹೋಗುತ್ತದೆ; ಗುಂಡಿ ತಿರುಗಿಸುತ್ತಾ ನಿಧಾನವಾಗಿ, ಹತ್ತು ಎಣಿಸಿ ಇಳಿಸಬೇಕು ಎಂದು ಪ್ರತಿ ಬ್ಯಾಚಿಗೂ ಬೈದು ಬೈದು ಕಲಿಸಿದವನು ನಾನು. ಅವಳು ಕಲಿತಿದ್ದಳು. ಗುಂಡಿ ಹಿಡಿದು, “ಒಂದು... ಎರಡು...” ಎಂದು ಎಣಿಸುತ್ತಾ ಇಳಿಸಿದಳು. ಸುಡಲಿ ಬಿಡು, ಆರಿಸಮ್ಮಾ ಎನ್ನಬೇಕೆನಿಸಿತು, ನಾಲಿಗೆ ಏಳಲಿಲ್ಲ. ಆ ಹತ್ತು ಎಣಿಕೆಯಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಏಳಕ್ಕೆ ಬಂದಾಗ ಎದೆಯೊಳಗೆ ಮತ್ತೆ ಅದೇ ಮಗ್ಗುಲು ಬದಲಾಯಿತು. ಹೊಲಿಗೆ ಯಂತ್ರ ನಿಂತಿತು. ನನ್ನ ಹಳೆಯ ಹೃದಯ ಎಡವುತ್ತಾ, ತಡವರಿಸುತ್ತಾ ವಾಪಸ್ಸು ಬಂತು.

ಮೇಜು ಹಿಡಿದುಕೊಂಡು ಹೊರಗೆ ಬಂದೆ. ಅಶ್ವತ್ಥಪ್ಪ ಸರ್ ಆ ಕಡೆಯಿಂದ ನೋಡಿದರು.

“ಯಾಕಮ್ಮಾ, ಎರಡೂವರೆಗೇ ನಿಲ್ಲಿಸ್ಬಿಟ್ಟೆ? ಟೈಮು ಓಡ್ತಿದೆ. ಇನ್ನು ಮೂರು ರೀಡಿಂಗ್ ಬಾಕಿ ಇದೆ ನಿಂದು. ಅರ್ಧಂಬರ್ಧ ಕೊಟ್ರೆ ನಾನೇನ್ ಮಾಡ್ಲಿ?”

ತ್ರಿವೇಣಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. “ನಂದೇ ತಪ್ಪು ಸಾರ್,” ಎಂದಳು. “ಕಣ್ಣು ಮಂಜಾಯ್ತು. ಅದಕ್ಕೇ ಇಳಿಸ್ದೆ.”

“ಅವಳ ತಪ್ಪಲ್ಲ ಸಾರ್,” ಎಂದೆ.

ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದೆ. ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಅದರ ಕೆಳಗೆ ಆ ಚೌಕದ ಉಬ್ಬು.

ಉಳಿದ ಮೂರು ಮೇಜಿನ ಮಕ್ಕಳೂ ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ಅಶ್ವತ್ಥಪ್ಪ ಸರ್ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ಕಂಡಿತು. ಅವರು ಸ್ಟೂಲು ನೋಡಿದರು, ಕಬ್ಬಿಣದ ಮುಖಗಳನ್ನು ನೋಡಿದರು, ಮತ್ತೆ ನನ್ನ ಎದೆ ನೋಡಿದರು.

“ಪೇಸ್‌ಮೇಕರ್ರಾ?” ಎಂದರು.

“ಹೂಂ ಸಾರ್.”

“ನಾನೇ ತಾನೇ ಆ ಸಂದಿಗೆ ಕೂರಿಸಿದ್ದು. ನಾನೇ ನಾಲ್ಕರ ತನಕ ಅಂದೆ.” ಅವರ ದನಿ ಒಡೆದಿತ್ತು. “ಬಾಯಿ ಬಿಟ್ಟು ಒಂದ್ ಮಾತು ಹೇಳ್ಬಾರ್ದಾಗಿತ್ತೇನಯ್ಯಾ?”

ಶೋಭಾರಾಣಿ ಮೇಡಂ ಬಂದವರೇ ನನ್ನ ತೋಳು ಹಿಡಿದು, ಎಳೆದುಕೊಂಡೇ ಬಾಗಿಲಾಚೆ ವರಾಂಡಕ್ಕೆ ತಂದು ಬೆಂಚಿನ ಮೇಲೆ ಕೂರಿಸಿದರು. ಈ ಕಾಲೇಜಿಗೆ ಬಂದ ಹದಿನಾಲ್ಕು ವರ್ಷದಲ್ಲಿ ಅವರು ನನ್ನ ಮೇಲೆ ಕೂಗಿದ್ದಿಲ್ಲ. ಅವತ್ತು ಕೂಗಿದರು.

“ಹರ್ನಿಯಾ! ಹರ್ನಿಯಾ ಅಂದ್ರಲ್ರೀ ನನ್ ಮುಂದೆ! ನಾನು ಎಳನೀರು ಬೇರೆ ತಂದುಕೊಟ್ಟೆ ಮನೇಗೆ. ನಿಮ್ಮ ಹೆಂಡ್ತಿ ಹೂಂ ಹೂಂ ಅಂತ ತಲೆ ಆಡಿಸಿದ್ರು!”

“ಅವಳದೇನೂ ತಪ್ಪಿಲ್ಲ ಮೇಡಂ. ನಾನೇ ಬಾಯಿ ಕಟ್ಟಿದ್ದೆ.”

“ಯಾಕ್ರೀ?”

“ಮುನೇಶನ್ನ ನೋಡ್ದೆ ಮೇಡಂ.”

ಅವರು ಗೇಟಿನ ಕಡೆ ನೋಡಿದರು. ಸಿಟ್ಟು ಅರ್ಧಕ್ಕೇ ನಿಂತಿತು. ಮೊಬೈಲು ತೆಗೆದು ಆಂಬ್ಯುಲೆನ್ಸಿಗೆ ಹೇಳಿದರು. ಬೇಡ ಅಂದರೂ ಕೇಳಲಿಲ್ಲ. ಆಮೇಲೆ ನನ್ನ ಮಣಿಕಟ್ಟು ಹಿಡಿದು, ನಾಡಿ ಎಣಿಸಲು ಬಾರದಿದ್ದರೂ, ಬಿಡದೆ ಹಿಡಿದುಕೊಂಡೇ ನಿಂತರು.

ಒಳಗಿನಿಂದ ಅಶ್ವತ್ಥಪ್ಪ ಸರ್ ದನಿ ಕೇಳಿಸಿತು. “ಅಳಬೇಡಮ್ಮಾ. ಟೈಮು ಕೊಡ್ತೀನಿ, ಮೊದಲಿಂದ ಶುರು ಮಾಡು. ದೀಪ ನಾನು ಹಿಡೀತೀನಿ.” ವಾಚು ಬಿಚ್ಚಿದರು, ಮೊಬೈಲು ತೆಗೆದು ದೂರದ ಮೇಜಿನ ಮೇಲಿಟ್ಟರು, ಹೊಟ್ಟೆ ಒಳಗೆಳೆದುಕೊಂಡು ಆ ಸಂದಿಗೆ ನುಗ್ಗಿದರು. ತೆರೆದ ಬಾಗಿಲಿನಿಂದ ನನಗೆ ಎಲ್ಲವೂ ಕಾಣುತ್ತಿತ್ತು. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಮೇಡಂ,” ಎಂದೆ. “ನನ್ನನ್ನೂ ಗೇಟಿಗೆ ಹಾಕ್ತೀರಾ?”

ಅವರು ಮಣಿಕಟ್ಟು ಬಿಡದೆ ನನ್ನ ಪಕ್ಕಕ್ಕೇ ಕೂತರು.

“ಗೊತ್ತಿಲ್ಲ ಕಣ್ರೀ ರಾಯಪ್ಪ. ನಿಮಗೆ ಸುಳ್ಳು ಹೇಳಲ್ಲ ನಾನು. ಪ್ರಿನ್ಸಿಪಾಲರು ಏನಂತಾರೋ. ಇವತ್ತು ನೀವು ಈ ಬಾಗಿಲು ದಾಟಿ ಒಳಗೆ ಬರಬಾರದು, ಅಷ್ಟು ಮಾತ್ರ ಗೊತ್ತು.”

ಒಳಗೆ ತ್ರಿವೇಣಿ ಗುಂಡಿ ತಿರುಗಿಸುತ್ತಾ ಹೋದಳು. ಕರೆಂಟು ಮೂರೂವರೆ ಆಂಪಿಯರ್ ದಾಟಿತು. ನೀರಿನ ಗೆರೆಗೆ ಬೆಳಕು ಸಾಲದೆಂದು ಅಶ್ವತ್ಥಪ್ಪ ಸರ್ ಇನ್ನಷ್ಟು ಮುಂದಕ್ಕೆ ಬಗ್ಗಿದರು. ಅವರ ಅಂಗಿಯ ಎಡಜೇಬಿನಲ್ಲಿದ್ದ ಸ್ಟೀಲಿನ ಪೆನ್ನು ಒಮ್ಮೆ ತಲೆ ಎತ್ತಿತು, ಜೇಬಿನಿಂದ ಜಾರಿ ಹಾರಿ, ಟಕ್ ಎಂದು ಕಬ್ಬಿಣದ ಮುಖಕ್ಕೆ ಬಡಿದು ಅಂಟಿಕೊಂಡಿತು. ಸರ್ ಖಾಲಿ ಜೇಬಿನ ಮೇಲೆ ಅಂಗೈ ಒತ್ತಿಕೊಂಡು ಹಾಗೇ ಕೂತರು. ತ್ರಿವೇಣಿ ಗುಂಡಿಗೆ ಕೈಯಿಟ್ಟು ಇಳಿಸುತ್ತಾ, ಒಂದರಿಂದ ಎಣಿಸಲು ಶುರುಮಾಡಿದಳು.